ಅಜ್ಜಿಯ ರೇಷ್ಮೆ ಸೀರೆಗೆ ನಾಲ್ಕು ನುಸಿಗುಳಿಗೆ ಎಸೆದರೆ ಆಯಿತೇ?

ಐವತ್ತು ವರ್ಷದ ಮೈಸೂರು ರೇಷ್ಮೆಯನ್ನು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ತುರುಕಿ, ನುಸಿಗುಳಿಗೆ ಎಸೆದು ಬೀರು ಬಾಗಿಲು ಹಾಕಿಬಿಡುತ್ತೀರಿ. ಮದುವೆಯ ಹಿಂದಿನ ದಿನ ತೆಗೆದು "ಅಯ್ಯೋ, ತೂತು!" ಅಂತ ಬಾಯಿ ಬಡಿದುಕೊಂಡರೆ ಏನು ಬಂತು? ತೂತು ಮಾಡುವುದು ಹಾರುವ ಪತಂಗವಲ್ಲ, ಅದರ ಮರಿಹುಳ. ಕತ್ತಲು, ಅಲುಗಾಡದ ಮಡಿಕೆ, ಬೆವರು, ಪಾಯಸದ ಕಲೆ ಇಷ್ಟಿದ್ದರೆ ಅದಕ್ಕೆ ಹಬ್ಬ. ಉಟ್ಟ ಸೀರೆಯನ್ನು ಒಂದು ರಾತ್ರಿ ಗಾಳಿಗೆ ಹರವಿ, ಕಲೆ ತೆಗೆಸಿಯೇ ಒಳಗಿಡಬೇಕು. ಗುಳಿಗೆ ಜರಿಗೆ ತಾಗಕೂಡದು. ಹಸುಗೂಸಿನ ಬಟ್ಟೆ ಇರುವ ಬೀರುವಿನಲ್ಲಂತೂ ಗುಳಿಗೆಯೇ ಬೇಡ.

ಹಿಂದಿನವರು ನಂಬಿದ್ದು ಬಜೆ ಬೇರನ್ನು. ಗ್ರಂಧಿಗೆ ಅಂಗಡಿಯಲ್ಲಿ ಕೇಳಿ, ಮುರಿದರೆ ಘಮ್ಮೆನ್ನುವ ಬೇರನ್ನೇ ಆರಿಸಿ. ನುಣ್ಣಗೆ ಪುಡಿ ಮಾಡಬೇಡಿ, ಬಟ್ಟೆಯಿಂದ ಸೋರಿ ರೇಷ್ಮೆಗೆ ಕಲೆ ಕೂರುತ್ತದೆ. ಕಲ್ಲಿನಲ್ಲಿ ತರಿತರಿಯಾಗಿ ಜಜ್ಜಿ, ಒಂದು ಹಿಡಿಗೆ ನಾಲ್ಕು ಲವಂಗ, ನೆರಳಲ್ಲಿ ಗರಿಗರಿ ಒಣಗಿಸಿದ ಬೇವಿನೆಲೆ ಸೇರಿಸಿ. ಎಲೆಯಲ್ಲಿ ಸ್ವಲ್ಪ ಹಸಿ ಉಳಿದರೂ ಬೂಷ್ಟು ಬರುತ್ತದೆ. ಸವೆದ ಪಂಚೆಯನ್ನು ಎರಡು ಪದರ ಮಾಡಿ ಗಂಟು ಕಟ್ಟಿ, ಬೀರುವಿನ ಮೂಲೆಗಳಲ್ಲಿಡಿ, ಮಡಿಕೆಯೊಳಗೆ ಬೇಡ. ಘಮ ಇಳಿದ ಕೂಡಲೇ ಬದಲಿಸಿ. ಹಳಸಿದ ಗಂಟಿಗೇ ಹುಳ ಬೀಳುತ್ತದೆ. ರವೆಯನ್ನು ಹುರಿಯದೆ ಡಬ್ಬಿಗೆ ಸುರಿದು ಹುಳ ಬಿತ್ತು ಅನ್ನುತ್ತೀರಲ್ಲ, ಇದೂ ಹಾಗೇ.

ಸೀರೆ ಸುತ್ತುವ ಬಟ್ಟೆ ಒಗೆದ ಹತ್ತಿಯದಾಗಿರಲಿ, ಗಂಜಿ ಬೇಡವೇ ಬೇಡ. ಗಂಜಿ ತಿನ್ನಲಿಕ್ಕೇ ಸಿಲ್ವರ್‌ಫಿಶ್ ಅನ್ನುವ ಬೆಳ್ಳಿಬಣ್ಣದ ಹುಳ ಬರುವುದು. ನ್ಯೂಸ್‌ಪೇಪರಿನ ಮಸಿ ಹತ್ತುತ್ತದೆ, ಅದೂ ಬೇಡ. ಮೂರು ತಿಂಗಳಿಗೊಮ್ಮೆ ಬಿಚ್ಚಿ ನೆರಳಲ್ಲಿ ಹರವಿ, ಹಳೇ ಮಡಿಕೆ ಬಿಟ್ಟು ಬೇರೆ ಕಡೆ ಮಡಿಸಿ, ಇಲ್ಲದಿದ್ದರೆ ಜರಿ ಅಲ್ಲೇ ಸೀಳುತ್ತದೆ. ಹೊರಗೆ ಮಳೆ ಹಿಡಿದಿರುವಾಗ ಈ ಕೆಲಸ ಬೇಡ. ಬಿಚ್ಚಿದಾಗ ಮಡಿಕೆಯ ಗೀರನ್ನು ಬೆಳಕಿಗೆ ಹಿಡಿದು ನೋಡಿ. ಸೀರೆಯ ಬಣ್ಣದ್ದೇ ಮರಳಿನಂಥ ಕಾಳು ಉದುರಿದರೆ ಅದು ಧೂಳಲ್ಲ, ಹುಳದ ಹಿಕ್ಕೆ. ತಿಂದ ನೂಲಿನ ಬಣ್ಣವೇ ಅದಕ್ಕೂ ಬರುತ್ತದೆ.

ಉಣ್ಣೆ ಕಂಬಳಿಯನ್ನು ರೇಷ್ಮೆಯ ಜೊತೆ ಇಡಲೇಬೇಡಿ, ಹುಳಕ್ಕೆ ಮೊದಲ ರುಚಿ ಅದೇ. ಕಂಬಳಿಗೆ ಹುಳ ಹತ್ತಿದ್ದರೆ ಒಣಗಿರುವಾಗಲೇ ಕವರಿಗೆ ಹಾಕಿ, ಗಾಳಿ ತೆಗೆದು, ಬಾಯಿ ಬಿಗಿದು ಫ್ರೀಜರಿನಲ್ಲಿ ಎರಡು ವಾರ ಇಡಿ. ಮೈನಸ್ 18 ಡಿಗ್ರಿ ಇರಬೇಕು. ಹೊರಗೆ ತೆಗೆದ ಮೇಲೆ ಒಂದಿಡೀ ದಿನ ಕವರ್ ಬಿಚ್ಚಬೇಡಿ, ಅವಸರಪಟ್ಟರೆ ತಣ್ಣಗಿನ ಉಣ್ಣೆಯ ಮೇಲೆ ನೀರು ಕೂತು ಬೂಷ್ಟು ಹಿಡಿಯುತ್ತದೆ.