ಹಳೇ ಕಾರಿನ ಮೂತಿ ತಗ್ಗಿಸಿದ ಅರ್ಧ ಸುತ್ತು

ನನ್ನ ಹಳೇ ಸೆಡಾನ್ ಯಾವಾಗಲೂ ಮೂತಿ ಎತ್ತಿಕೊಂಡೇ ನಿಂತಿರುತ್ತಿತ್ತು. 1960ರ ದಶಕದ ಗಾಡಿ. ಪಕ್ಕದಿಂದ ನೋಡಿದರೆ ಅದರ ಗೆರೆ ಬಾನೆಟ್‌ನಿಂದ ಡಿಕ್ಕಿವರೆಗೆ ನೀರು ಹರಿದ ಹಾಗೆ ಇರಬೇಕು. ಮುಂದಿನ ಚಕ್ರದ ಮೇಲೆ ಮಾತ್ರ ಮೂರು ಬೆರಳು ಜಾಸ್ತಿ ಜಾಗ ಕಾಣುತ್ತಿತ್ತು. ಹಿಂದಿನ ಮಾಲೀಕರು ಯಾವಾಗಲೋ ಹಾಕಿಸಿದ್ದ ಬದಲಿ ಸ್ಪ್ರಿಂಗುಗಳು ಈ ಗಾಡಿಗೆ ಬೇಕಾದದ್ದಕ್ಕಿಂತ ಉದ್ದ ಇದ್ದವು. ಸರಿಯಾದ ಅಳತೆಯವು ಸಿಕ್ಕಿದ್ದರೆ ಅವನ್ನೇ ಹಾಕುತ್ತಿದ್ದೆ, ಈಗಲೂ ನನ್ನ ಸಲಹೆ ಅದೇ. ಹುಡುಕಿ ಹುಡುಕಿ ಸಿಗದೇ ಹೋದಾಗ ಇದ್ದದ್ದನ್ನೇ ಕತ್ತರಿಸಲು ಕೂತೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲ್ಲ ಹಳೇ ಕಾರಿಗೂ ಇದು ನಡೆಯುವುದಿಲ್ಲ, ಮುಂದೆ ಸುರುಳಿ ಸ್ಪ್ರಿಂಗ್ ಇರಬೇಕು. ಮಾರಿಸ್ ಮೈನರ್ ಮುಂದೆ ಇರುವುದು ತಿರುಚುವ ಸರಳು, ಟಾರ್ಶನ್ ಬಾರ್. ಹಳೇ ಬೀಟಲ್‌ನಲ್ಲಿ ಅಡ್ಡ ಕೊಳವೆಯೊಳಗೆ ಪಟ್ಟಿಗಳ ಕಟ್ಟು. ಹಳೇ ಮಿನಿಯಲ್ಲಿ ರಬ್ಬರ್ ಕೋನ್. ನನ್ನದು ಚಕ್ರವನ್ನು ಚಾಸಿಗೆ ಸೇರಿಸುವ ತೋಳು, ಅಂದರೆ ಆರ್ಮ್, ಮೇಲೊಂದು ಕೆಳಗೊಂದು ಇರುವ ಗಾಡಿ. ಸ್ಪ್ರಿಂಗ್ ಕೆಳಗಿನ ಆರ್ಮ್ ಮೇಲೆ ಕೂತು ಚಾಸಿಯನ್ನು ಹೊರುತ್ತದೆ.

ಗ್ರೈಂಡರ್ ಕೈಗೆ ತೆಗೆದುಕೊಳ್ಳುವ ಮುಂಚೆ ಎರಡು ದಿನ ಅಳತೆಯಲ್ಲೇ ಕಳೆದೆ. ಸಮತಟ್ಟಾದ ನೆಲ, ಟೈರಿನಲ್ಲಿ ಸರಿಯಾದ ಗಾಳಿ, ಅರ್ಧ ಟ್ಯಾಂಕ್ ಪೆಟ್ರೋಲು. ಚಕ್ರದ ನಡುಮಧ್ಯದಿಂದ ಮಡ್‌ಗಾರ್ಡ್ ಅಂಚಿನವರೆಗೆ ಎಡಗಡೆ 402 ಮಿ.ಮೀ., ಬಲಗಡೆ 408. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕದಲ್ಲಿ ಸೇರಿಬಿಡುತ್ತದೆ, ಅದಕ್ಕೇ ನಡುವಿನಿಂದ ಅಳೆಯುವುದು. ಆರು ಮಿ.ಮೀ. ವ್ಯತ್ಯಾಸ ನನಗೆ ಸಮಾಧಾನ ಕೊಡಲಿಲ್ಲ. ಬಲಗಡೆ ಜಾಸ್ತಿ ಕತ್ತರಿಸಿದರಾಯಿತು ಅಂತ ಒಂದು ಕ್ಷಣ ಅನ್ನಿಸಿದ್ದು ನಿಜ. ಹಾಗೆ ಮಾಡದೇ ಇದ್ದದ್ದು ಒಳ್ಳೆಯದಾಯಿತು.

ಕಾರಣ ಬುಶ್‌ನಲ್ಲಿತ್ತು. ಆರ್ಮ್ ಚಾಸಿಗೆ ಸೇರುವ ಕಡೆ ಇರುವ ರಬ್ಬರ್ ಬುಶ್ ಜಾರಿ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ಗಾಡಿಯನ್ನು ಜ್ಯಾಕ್ ಮೇಲೆ ಎತ್ತಿ, ಚಕ್ರ ನೇತಾಡುತ್ತಿರುವಾಗ ಯಾರಾದರೂ ಅದರ ಬೋಲ್ಟ್ ಬಿಗಿ ಮಾಡಿದರೆ, ಕೆಳಗಿಳಿಸಿದ ಮೇಲೂ ಆ ರಬ್ಬರ್ ಆರ್ಮನ್ನು ನೇತಾಡುವ ಸ್ಥಿತಿಗೇ ಎಳೆಯುತ್ತಿರುತ್ತದೆ. ಆ ಕಡೆ ಗಾಡಿ ಎತ್ತರ ನಿಲ್ಲುತ್ತದೆ, ರಬ್ಬರೂ ಬೇಗ ಹರಿಯುತ್ತದೆ. ನಾನು ಗಾಡಿ ನೆಲದ ಮೇಲಿದ್ದಾಗಲೇ ಎರಡೂ ಕಡೆ ಬೋಲ್ಟ್ ಸ್ವಲ್ಪ ಸಡಿಲಿಸಿ, ಹಿಂದೆ ಮುಂದೆ ನಿಧಾನವಾಗಿ ತಳ್ಳಿ, ಬಾನೆಟ್ ಮೇಲೆ ಭಾರ ಹಾಕಿ ಅಲ್ಲಾಡಿಸಿ, ಮತ್ತೆ ಬಿಗಿ ಮಾಡಿದೆ. ಬಲಗಡೆ 404ಕ್ಕೆ ಇಳಿಯಿತು. ಎಡಗಡೆ 402ರಲ್ಲೇ ಉಳಿಯಿತು. ಎರಡು ಮಿ.ಮೀ. ವ್ಯತ್ಯಾಸವನ್ನು ಹಳೇ ಗಾಡಿಯಲ್ಲಿ ನಾನು ಲೆಕ್ಕಕ್ಕೆ ಇಡುವುದಿಲ್ಲ.

ಈಗ ಎಷ್ಟು ಕತ್ತರಿಸಬೇಕು? ಬಹಳ ಜನ ತಪ್ಪುವುದು ಇಲ್ಲೇ. ಸ್ಪ್ರಿಂಗನ್ನು ಬಿಚ್ಚಿ ನೆಲದ ಮೇಲಿಟ್ಟು, ಸುತ್ತಿನಿಂದ ಸುತ್ತಿಗೆ ಎಷ್ಟು ದೂರ ಅಂತ ಅಳೆಯುತ್ತಾರೆ. ಆ ಅಳತೆ ಕೆಲಸಕ್ಕೆ ಬರುವುದಿಲ್ಲ. ಗಾಡಿಯ ಭಾರ ಕತ್ತರಿಸುವ ಮುಂಚೆಯೂ ಅಷ್ಟೇ, ಆಮೇಲೂ ಅಷ್ಟೇ. ಹಾಗಾಗಿ ಉಳಿದ ಒಂದೊಂದು ಸುತ್ತೂ ಮೊದಲು ಎಷ್ಟು ಕುಗ್ಗಿತ್ತೋ ಅಷ್ಟೇ ಕುಗ್ಗುತ್ತದೆ. ಅಂದರೆ ಕಡಿಮೆಯಾಗುವುದು ಕತ್ತರಿಸಿ ತೆಗೆದ ತುಂಡು ಭಾರದಡಿ ಎಷ್ಟು ಎತ್ತರ ಇತ್ತೋ ಅಷ್ಟು ಮಾತ್ರ. ಅದಕ್ಕೇ ಗಾಡಿ ನಾಲ್ಕೂ ಚಕ್ರದ ಮೇಲೆ ನಿಂತಿರುವಾಗ ಟಾರ್ಚ್ ಬಿಟ್ಟು, ಸ್ಪ್ರಿಂಗ್ ಇದ್ದಲ್ಲೇ ಅಳೆಯಬೇಕು. ನಾನು ನಾಲ್ಕು ಸುತ್ತಿಗೆ ಒಟ್ಟಿಗೆ ಅಳೆದೆ: 96 ಮಿ.ಮೀ. ಅಂದರೆ ಒಂದು ಸುತ್ತಿಗೆ 24. ಅದೇ ಸ್ಪ್ರಿಂಗ್ ಬಿಚ್ಚಿದ ಮೇಲೆ ಸುತ್ತಿಗೆ ಸುಮಾರು 39 ಮಿ.ಮೀ. ಇತ್ತು.

ಇನ್ನೊಂದು ಅಳತೆ ಆರ್ಮ್‌ನದು. ಸ್ಪ್ರಿಂಗ್ ಇರುವುದು ಚಕ್ರದ ಹತ್ತಿರ ಅಲ್ಲ, ಆರ್ಮ್‌ನ ನಡುವಿನಲ್ಲಿ. ನನ್ನ ಗಾಡಿಯಲ್ಲಿ ಒಳಗಿನ ಬೋಲ್ಟಿನಿಂದ ಹೊರತುದಿಯ ಗುಂಡು ಕೀಲಿಗೆ, ಅಂದರೆ ಬಾಲ್ ಜಾಯಿಂಟ್‌ಗೆ 340, ಸ್ಪ್ರಿಂಗ್ ನಡುವಿಗೆ 180. ಭಾಗಿಸಿದರೆ 0.53. ಅರ್ಧ ಸುತ್ತು ತೆಗೆದರೆ ಸ್ಪ್ರಿಂಗ್ 12 ಮಿ.ಮೀ. ಗಿಡ್ಡ, ಗಾಡಿ ಆ 12ನ್ನು 0.53ರಿಂದ ಭಾಗಿಸಿದಷ್ಟು, ಸುಮಾರು 23 ಮಿ.ಮೀ. ಕೆಳಗೆ. ನನಗೆ ಬೇಕಿದ್ದದ್ದು ಒಂದು ಇಂಚು, ಹತ್ತಿರ ಹತ್ತಿರ ಅಷ್ಟೇ ಆಯಿತಲ್ವಾ? ಬಿಚ್ಚಿಟ್ಟ ಸ್ಪ್ರಿಂಗಿನ ಅಳತೆ ನಂಬಿದ್ದರೆ 37 ಮಿ.ಮೀ. ಇಳಿಯುತ್ತದೆ ಅಂದುಕೊಂಡು ಕೂರುತ್ತಿದ್ದೆ.

ಸುತ್ತು ಕಡಿಮೆಯಾದರೆ ಸ್ಪ್ರಿಂಗ್ ಗಟ್ಟಿಯೂ ಆಗುತ್ತದೆ. ಕೆಲಸ ಮಾಡುವ ಸುತ್ತು ನನ್ನದರಲ್ಲಿ ಏಳೂವರೆ ಇತ್ತು, ಈಗ ಏಳು. ಸುಮಾರು 7 ಶೇಕಡ ಬಿರುಸು. ಗಾಡಿ ತಗ್ಗಿದಾಗ ಕೆಳಗಿನ ಜಾಗ ಕಡಿಮೆಯಾಗುವುದರಿಂದ ಈ ಬಿರುಸು ಬೇಕೂ ಬೇಕು.

ಬಿಚ್ಚುವ ಕೆಲಸದಲ್ಲಿ ಅವಸರ ಮಾಡಬೇಡಿ. ಸ್ಪ್ರಿಂಗ್ ಆರ್ಮ್ ನಡುವೆ ಇರುವುದರಿಂದ ಚಕ್ರ ಹೊರುವ ಭಾರದ ಹತ್ತಿರ ಹತ್ತಿರ ಎರಡರಷ್ಟನ್ನು ಅದು ಹೊರುತ್ತಿರುತ್ತದೆ. ನಾಲ್ಕೈದು ನೂರು ಕಿಲೋ ಒತ್ತಡ ಒಮ್ಮೆಲೇ ಬಿಟ್ಟುಕೊಂಡರೆ ಎದುರಿಗಿರುವ ಮನುಷ್ಯ ಉಳಿಯುವುದಿಲ್ಲ. ಸ್ಟ್ಯಾಂಡುಗಳನ್ನು ಚಾಸಿಯ ಕೆಳಗೆ ಕೊಟ್ಟೆ. ಚಕ್ರ, ಶಾಕ್ ಅಬ್ಸಾರ್ಬರ್, ಸ್ಟೆಬಿಲೈಸರ್ ಲಿಂಕ್, ಸ್ಟೇರಿಂಗನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಬಿಚ್ಚಿದೆ. ಸ್ಪ್ರಿಂಗಿನೊಳಗಿಂದ ಚಾಸಿಗೆ ಸುತ್ತಿ ಗಟ್ಟಿ ಚೈನ್ ಹಾಕಿ ಬೀಗ ಮಾಡಿದೆ. ಗಾಲಿ ಜ್ಯಾಕನ್ನು ಕೆಳಗಿನ ಆರ್ಮ್‌ನಡಿ ಇಟ್ಟೆ. ಬಾಲ್ ಜಾಯಿಂಟ್‌ನ ಸ್ಪ್ಲಿಟ್ ಪಿನ್ ತೆಗೆದು, ನಟ್ಟನ್ನು ಸಡಿಲಿಸಿ ಐದಾರು ಎಳೆ ಉಳಿಸಿದೆ. ಪೂರ್ತಿ ತೆಗೆಯಲಿಲ್ಲ. ಆ ಕೀಲು ಸೇರುವ, ಚಕ್ರ ಹೊರುವ ತುಂಡಾದ ನಕಲ್‌ನ ಪಕ್ಕಕ್ಕೆ ಸುತ್ತಿಗೆಯಿಂದ ಎರಡು ಏಟು. ಮೂರನೇ ಏಟಿಗೆ 'ಟಪ್' ಅಂದು ಆರ್ಮ್ ಬೆರಳಗಲ ಕೆಳಗೆ ಬಂದು ನಟ್ಟಿನ ಮೇಲೆ ನಿಂತಿತು. ಆ ಉಳಿಸಿದ ಎಳೆಗಳೇ ನನ್ನನ್ನು ಕಾಯ್ದದ್ದು. ಆಮೇಲೆ ಜ್ಯಾಕ್ ಎತ್ತಿ, ನಟ್ಟು ತೆಗೆದು, ಪಕ್ಕಕ್ಕೆ ಸರಿದು ನಿಂತು ಜ್ಯಾಕನ್ನು ಇಷ್ಟಿಷ್ಟೇ ಇಳಿಸಿದೆ. ಚೈನ್ ಸಡಿಲಾಗಿ ತೂಗಾಡಿದ ಮೇಲಷ್ಟೇ ಕೈ ಒಳಗೆ ಹಾಕಿದೆ.

ಸ್ಪ್ರಿಂಗಿನ ಎರಡು ತುದಿ ಒಂದೇ ಥರ ಇರಲಿಲ್ಲ. ಮೇಲಿನದು ಚಪ್ಪಟೆಯಾಗಿ ಮುಚ್ಚಿದ್ದು. ಕೆಳಗಿನದು ಸುರುಳಿಯ ಹಾಗೇ ಮುಂದುವರಿದು, ಆರ್ಮ್‌ನಲ್ಲಿರುವ ಮೆಟ್ಟಿಲಿಗೆ ತುದಿ ಒತ್ತಿ ಕೂರುವಂಥದ್ದು. ಕತ್ತರಿಸಬೇಕಾದದ್ದು ಈ ಕೆಳಗಿನ ತುದಿ. ಚಪ್ಪಟೆ ತುದಿ ಕತ್ತರಿಸಿದರೆ ಅದು ಮತ್ತೆ ಸಮವಾಗಿ ಕೂರುವುದಿಲ್ಲ. ಎರಡೂ ಕಡೆ ಮೆಟ್ಟಿಲಿದ್ದರೆ ಅರ್ಧ ಸುತ್ತು ಕತ್ತರಿಸುವ ಹಾಗೇ ಇಲ್ಲ, ಪೂರ್ತಿ ಸುತ್ತೇ ತೆಗೆಯಬೇಕು. ಯಾಕೆಂದರೆ ಒಂದು ತುದಿ ಸರಿ ಕೂತರೆ ಇನ್ನೊಂದು ಎದುರು ಬದಿಗೆ ಹೋಗಿರುತ್ತದೆ.

ಹೊರಗಿನ ವ್ಯಾಸ 124 ಮಿ.ಮೀ., ಅರ್ಧ ಸುತ್ತಿಗೆ 195. ದಾರವನ್ನು ಆ ಉದ್ದಕ್ಕೆ ಕತ್ತರಿಸಿ, ತುದಿಯಿಂದ ಸರಳಿನ ಹೊರಮೈ ಮೇಲೆ ಇಟ್ಟು ಚಾಕ್‌ಪೀಸ್‌ನಿಂದ ಗುರುತು ಮಾಡಿದೆ. ಎರಡೂ ಸ್ಪ್ರಿಂಗಿಗೆ ಅದೇ ದಾರ. ತೆಳು ಕಟಿಂಗ್ ವೀಲ್, ಸ್ವಲ್ಪ ಕತ್ತರಿಸುವುದು, ನಿಲ್ಲಿಸುವುದು, ಒದ್ದೆ ಬಟ್ಟೆ ಸುತ್ತುವುದು. ಗುರುತಿನಿಂದ ಬೆರಳಗಲ ದೂರದಲ್ಲಿ ಕೈ ಇಟ್ಟುಕೊಳ್ಳುವಷ್ಟು ತಣ್ಣಗೆ ಇರಬೇಕು ಅನ್ನುವುದು ನಾನು ಇಟ್ಟುಕೊಂಡ ಲೆಕ್ಕ. ಅಂಚನ್ನು ಅರದಿಂದ ಉಜ್ಜಿ ನಯ ಮಾಡಿ ಬಣ್ಣ ಹೊಡೆದೆ.

ಗ್ಯಾಸ್ ಬೆಂಕಿಯಿಂದ ಕತ್ತರಿಸುವುದು, ಅದಕ್ಕಿಂತ ಕೆಟ್ಟದಾಗಿ ಗಾಡಿಯಲ್ಲಿದ್ದಾಗಲೇ ಸುತ್ತನ್ನು ಕಾಯಿಸಿ ಕುಸಿಯುವ ಹಾಗೆ ಮಾಡುವುದು, ಇವೆರಡನ್ನೂ ನೋಡಿದ್ದೇನೆ. ನೋಡಿದಾಗಲೆಲ್ಲ ಬೇಜಾರಾಗುತ್ತದೆ. ಸ್ಪ್ರಿಂಗ್ ಉಕ್ಕನ್ನು ಗಡಸು ಮಾಡಿ, ಮತ್ತೆ ಹದವಾಗಿ ಕಾಯಿಸಿ ಅದರ ಸ್ವಭಾವ ಕೊಟ್ಟಿರುತ್ತಾರೆ. ಕೆಂಪಗೆ ಕಾಯುವ ಹೊತ್ತಿಗೆ ಬಿಸಿ 600 ಡಿಗ್ರಿ ದಾಟಿ ಆ ಹದವೆಲ್ಲ ಹೋಗಿರುತ್ತದೆ. ಅಲ್ಲಿಂದ ಮುಂದೆ ಅದು ಕುಸಿಯುತ್ತಲೇ ಇರುತ್ತದೆ, ಇಲ್ಲವೇ ಒಂದು ದಿನ ತುಂಡಾಗುತ್ತದೆ.

ಜೋಡಿಸುವಾಗ ಹೊಸ ತುದಿ ಮೆಟ್ಟಿಲಿಗೆ ತಾಗುವ ತನಕ ಸ್ಪ್ರಿಂಗನ್ನು ಅರ್ಧ ಸುತ್ತು ತಿರುಗಿಸಬೇಕಾಯಿತು. ಶಾಕ್ ಅಬ್ಸಾರ್ಬರ್ ಹಾಕಿ, ಚಕ್ರ ಪೂರ್ತಿ ಕೆಳಗೆ ನೇತಾಡಲು ಬಿಟ್ಟು, ಸ್ಪ್ರಿಂಗನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿದೆ. ಅಲುಗಲಿಲ್ಲ. ಈ ಪರೀಕ್ಷೆ ಬಿಡಲೇಬೇಡಿ. ಜಾಸ್ತಿ ಕತ್ತರಿಸಿದ ಸ್ಪ್ರಿಂಗ್ ಹೀಗೆ ನೇತಾಡುವಾಗ ಸಡಿಲವಾಗುತ್ತದೆ, ರಸ್ತೆಯ ಹಂಪಿನಲ್ಲಿ ಜಾಗ ಬಿಟ್ಟು ಜಾರಬಹುದು. ಆರ್ಮ್ ತೀರಾ ಮೇಲೆ ಬಂದಾಗ ತಡೆಯುವ ರಬ್ಬರ್, ಅಂದರೆ ಬಂಪ್ ಸ್ಟಾಪ್‌ಗೆ, ಮುಂಚೆ 38 ಮಿ.ಮೀ. ಜಾಗವಿತ್ತು, ಈಗ 26. ಆ ರಬ್ಬರನ್ನು ಕತ್ತರಿಸಿ ಜಾಗ ಮಾಡಿಕೊಳ್ಳುವುದು ನನಗೆ ಇಷ್ಟವಿಲ್ಲ. ಹಾಗೆ ಮಾಡಿದರೆ ಏಟು ಶಾಕ್ ಅಬ್ಸಾರ್ಬರ್‌ಗೆ ಹೋಗುತ್ತದೆ.

ಜ್ಯಾಕ್ ಇಳಿಸಿ ಟೇಪ್ ಹಿಡಿದಾಗ 396 ಬಂತು. ಎರಡೂ ಕಡೆ. ಎದೆ ಧಸಕ್ಕಂತು. ಲೆಕ್ಕ ಎಲ್ಲಿ ತಪ್ಪಿತು ಅಂತ ನೆಲದ ಮೇಲೇ ಕೂತುಬಿಟ್ಟೆ. ಆಮೇಲೆ ಹೊಳೆಯಿತು. ಗಾಡಿ ಇಳಿಯುವಾಗ ಚಕ್ರಗಳು ಅಡ್ಡಕ್ಕೆ ಹರಡಿಕೊಳ್ಳಬೇಕು, ಟೈರು ನೆಲ ಕಚ್ಚಿ ಬಿಡುತ್ತಿಲ್ಲ. ಐದಾರು ಮೀಟರ್ ಹಿಂದೆ ತಳ್ಳಿ ಮುಂದೆ ತಂದೆ, ಬುಶ್ ಬೋಲ್ಟ್ ಸಡಿಲಿಸಿ ಬಂಪರ್ ಒತ್ತಿ ಬಿಟ್ಟೆ. ಗಾಡಿ ನಿಟ್ಟುಸಿರು ಬಿಟ್ಟ ಹಾಗೆ ಕೂತಿತು. ಎಡ 380, ಬಲ 381. ಬುಶ್ ಬೋಲ್ಟುಗಳನ್ನು ಅಲ್ಲೇ, ಭಾರದ ಮೇಲೇ ಬಿಗಿ ಮಾಡಿದೆ.

ಸ್ಟೇರಿಂಗನ್ನು ಎರಡೂ ಕಡೆ ಕೊನೆತನಕ ತಿರುಗಿಸಿ ಟೈರು, ಬ್ರೇಕ್ ಹೋಸ್ ಎಲ್ಲೂ ತಾಗುತ್ತಿಲ್ಲ ಅಂತ ನೋಡಿದೆ. ವೀಲ್ ಅಲೈನ್‌ಮೆಂಟ್ ಮಾಡಿಸದೇ ಓಡಿಸಬಾರದು. ಆರ್ಮ್‌ಗಳ ಕೋನ ಬದಲಾದರೆ ಕ್ಯಾಂಬರೂ (ಚಕ್ರ ಒಳಗೋ ಹೊರಗೋ ವಾಲಿರುವುದು) ಟೋ ಕೂಡ (ಚಕ್ರಗಳ ಮುಂತುದಿ ಒಳಗೋ ಹೊರಗೋ ತಿರುಗಿರುವುದು) ಬದಲಾಗುತ್ತವೆ. ಟೈ ರಾಡ್ ಕೋನವೂ ಬದಲಾಗುವುದರಿಂದ, ಜಾಸ್ತಿ ತಗ್ಗಿಸಿದರೆ ಹಳ್ಳ ಬಂದಾಗಲೆಲ್ಲ ಸ್ಟೇರಿಂಗ್ ತಾನೇ ಎಳೆಯಲು ಶುರು ಮಾಡುತ್ತದೆ. ಒಂದು ಇಂಚಿಗೇ ನಾನು ನಿಲ್ಲಿಸಿದ್ದಕ್ಕೆ ಅದೂ ಒಂದು ಕಾರಣ. ಫೋರ್ಡ್ ಮಸ್ಟಾಂಗ್‌ನಿಂದ ಮಾಡಿದ 1965ರ ಸ್ಪೋರ್ಟ್ಸ್ ಕಾರು ಶೆಲ್ಬಿ ಜಿಟಿ350ಯಲ್ಲಿ ಮೇಲಿನ ಆರ್ಮ್ ತಿರುಗುವ ಬಿಂದುವನ್ನೇ ಒಂದು ಇಂಚು ಕೆಳಗಿಳಿಸಿದ್ದರು. ತಿರುವಿನಲ್ಲಿ ಟೈರು ನೆಟ್ಟಗೆ ಊರಲಿ ಅಂತ. ಎತ್ತರಕ್ಕಿಂತ ಕೋನ ಮುಖ್ಯ ಅನ್ನುವುದು ಅವರಿಗೆ ಗೊತ್ತಿತ್ತು.

ಹೆಡ್‌ಲೈಟ್ ಮರೆತಿದ್ದೆ. ಮೂತಿ ಇಳಿದರೆ ಬೆಳಕೂ ನೆಲಕ್ಕೆ ಇಳಿಯುತ್ತದೆ. ಮೊದಲ ರಾತ್ರಿಯೇ ಗೋಡೆ ಎದುರು ನಿಲ್ಲಿಸಿ ಸರಿ ಮಾಡಿಕೊಂಡೆ.

800 ಕಿ.ಮೀ. ಓಡಿಸಿದ ಮೇಲೆ ಮತ್ತೆ ಅಳೆದೆ. ಎಡ 378, ಬಲ 379. ಟೈರು ಒಳಗೂ ಹೊರಗೂ ಒಂದೇ ಥರ ಸವೆಯುತ್ತಿದೆ. ಬುಶ್ ಬೋಲ್ಟುಗಳ ಮೇಲೆ ಎಳೆದಿದ್ದ ಬಿಳಿ ಗೆರೆ ಹಾಕಿದಲ್ಲೇ ಇದೆ, ಅಂದರೆ ಬೋಲ್ಟ್ ಸಡಿಲಾಗಿಲ್ಲ.