‘ಇನ್ ದ ಪೇಲ್ ಮೂನ್‌ಲೈಟ್’ ನೋಡಿ ಚೆನ್ನಾಗಿ ಜಗಳ ಆಡುವುದು ಹೇಗೆ

ಸ್ಟಾರ್ ಟ್ರೆಕ್ ಅನ್ನುವ ಅಮೆರಿಕದ ಬಾಹ್ಯಾಕಾಶ ಟೀವಿ ಸರಣಿಗಳನ್ನು ನೋಡುವವರು ನಾಲ್ಕು ಜನ ಸೇರಿದರೆ ಈ ಎಪಿಸೋಡಿನ ಮಾತು ಬರದೇ ಇರುವುದಿಲ್ಲ. ಮಾತು ಬಂದರೆ ಜಗಳವೂ ಬರುತ್ತದೆ. ‘ಡೀಪ್ ಸ್ಪೇಸ್ ನೈನ್’ ಸರಣಿಯ 6ನೇ ಸೀಸನ್ನಿನ 19ನೇ ಕಂತು ಇದು. 1998ರ ಏಪ್ರಿಲ್‌ನಲ್ಲಿ ಮೊದಲ ಸಲ ಬಂತು. ಬಾಹ್ಯಾಕಾಶ ನಿಲ್ದಾಣವೊಂದರ ಮುಖ್ಯಸ್ಥ ಕ್ಯಾಪ್ಟನ್ ಸಿಸ್ಕೊ ಯುದ್ಧ ಗೆಲ್ಲಲು ಇದರಲ್ಲಿ ಮಾಡಿದ್ದು ಸರಿಯಾ ತಪ್ಪಾ ಅಂತ ಜನ ಇವತ್ತಿಗೂ ವಾದ ಮಾಡುತ್ತಿದ್ದಾರೆ. ಆದರೆ ಹೆಚ್ಚಿನ ವಾದಗಳು ಹತ್ತು ನಿಮಿಷಕ್ಕೆ ಮುಗಿದುಹೋಗುತ್ತವೆ. ಒಬ್ಬರು ‘ಯುದ್ಧ ಗೆಲ್ಲಬೇಕಿತ್ತು’ ಅನ್ನುತ್ತಾರೆ. ಇನ್ನೊಬ್ಬರು ‘ಕೊಲೆ ಕೊಲೆಯೇ’ ಅನ್ನುತ್ತಾರೆ. ಆಮೇಲೆ ಎಲ್ಲರೂ ಊಟಕ್ಕೆ ಏಳುತ್ತಾರೆ.

ನಾನು ಆಡಿಟರ್. ಸಹಕಾರ ಸಂಘಗಳ ಲೆಕ್ಕ ನೋಡುವುದು ನನ್ನ ಕೆಲಸ. ಅಲ್ಲಿ ಕಾರ್ಯದರ್ಶಿ ಒಳ್ಳೆಯವನಾ ಕೆಟ್ಟವನಾ ಅಂತ ನಾವು ಕೇಳುವುದಿಲ್ಲ. ಯಾವ ತಾರೀಖು, ಯಾವ ವೋಚರ್, ಸಹಿ ಯಾರದ್ದು, ಇಷ್ಟೇ ಕೇಳುವುದು. ಈ ಎಪಿಸೋಡನ್ನೂ ಹಾಗೇ ಹಿಡಿದರೆ ವಾದ ತಾನಾಗಿ ಬೆಳೆಯುತ್ತದೆ. ನಮ್ಮ ಮನೆಯಲ್ಲಿ ಅಕ್ಕನ ಮಗ, ನಮ್ಮ ಯಜಮಾನರು, ಎದುರುಮನೆಯ ನಿವೃತ್ತ ಮೇಷ್ಟ್ರು ಎಲ್ಲ ಸೇರಿ ಹೀಗೇ ಆಡುತ್ತೇವೆ. ಅದರ ವಿಧಾನ ಬರೆಯುತ್ತಿದ್ದೇನೆ. ಎಪಿಸೋಡ್ ನೋಡಿಲ್ಲದವರು ಇಲ್ಲೇ ನಿಲ್ಲಿಸಿ. ಮುಂದೆ ಕಥೆ ಪೂರ್ತಿ ಬಿಟ್ಟುಕೊಡುತ್ತೇನೆ.

ಮೊದಲು ಏನು ನೋಡಬೇಕು

ಹೊಸಬರನ್ನು ಸೀದಾ ಈ ಕಂತಿಗೆ ಕೂರಿಸಬೇಡಿ. ಐದು ಸೀಸನ್ ಪೂರ್ತಿ ನೋಡಿಸುವುದೂ ಬೇಡ. ನಾಲ್ಕು ಕಂತು ಸಾಕು.

2ನೇ ಸೀಸನ್ನಿನ ‘ದ ವೈರ್’ ಗ್ಯಾರಕ್ ಯಾರು ಅಂತ ತೋರಿಸುತ್ತದೆ. ಸ್ಟೇಷನ್ನಿನಲ್ಲಿ ಅವನು ದರ್ಜಿ. ಹಳೆಯ ಕೆಲಸ ತನ್ನ ಗ್ರಹ ಕಾರ್ಡೇಸಿಯದ ಗೂಢಚರ್ಯೆ. ತನ್ನ ಬಗ್ಗೆ ಒಂದೊಂದು ಸಲ ಒಂದೊಂದು ಕಥೆ ಹೇಳುತ್ತಾನೆ. 6ನೇ ಸೀಸನ್ನಿನ ‘ಸ್ಯಾಕ್ರಿಫೈಸ್ ಆಫ್ ಏಂಜಲ್ಸ್’ ನೋಡಿದರೆ ಸಿಸ್ಕೊನ ಕಡೆಯವರ ಶತ್ರು ಸಾಮ್ರಾಜ್ಯ ಡೊಮಿನಿಯನ್ನಿನ 2,800 ಹಡಗುಗಳು ವರ್ಮ್‌ಹೋಲ್ (ದೂರದ ಎರಡು ಜಾಗ ಸೇರಿಸುವ ಸುರಂಗ) ಒಳಗೆ ಮಾಯವಾದದ್ದು ಗೊತ್ತಾಗುತ್ತದೆ. ಅದೊಂದು ಪವಾಡ ಆಗದಿದ್ದರೆ ಯುದ್ಧ ಅಲ್ಲೇ ಮುಗಿಯುತ್ತಿತ್ತು. ‘ಸ್ಟಾಟಿಸ್ಟಿಕಲ್ ಪ್ರಾಬಬಿಲಿಟೀಸ್’ನಲ್ಲಿ ಲೆಕ್ಕ ಹಾಕುವವರು ಈ ಯುದ್ಧ ಸೋಲುತ್ತದೆ, 90,000 ಕೋಟಿಗೂ ಜಾಸ್ತಿ ಜನ ಸಾಯುತ್ತಾರೆ ಅನ್ನುತ್ತಾರೆ. ಈ ಸಂಖ್ಯೆ ಕೇಳಿಸಿಕೊಳ್ಳದೆ ಸಿಸ್ಕೊನ ಪರ ವಾದ ಮಾಡುವುದೇ ಕಷ್ಟ.

ನಾಲ್ಕನೆಯದು ‘ಇನ್ಕ್ವಿಸಿಷನ್’. ಇದು ನಮ್ಮ ಕಂತಿಗಿಂತ ಒಂದೇ ಕಂತು ಹಿಂದಿನದು. ಕಾನೂನಿನ ಹಂಗಿಲ್ಲದೆ ಕೆಲಸ ಮಾಡುವ ‘ಸೆಕ್ಷನ್ 31’ ಎಂಬ ಗುಪ್ತ ಸಂಸ್ಥೆ ಮೊದಲ ಸಲ ಕಾಣಿಸುವುದು ಇಲ್ಲೇ. ಅದನ್ನು ಕಂಡು ಎಲ್ಲರಿಗೂ ಕಳವಳ. ಮುಂದಿನ ಕಂತಿನಲ್ಲಿ ಕ್ಯಾಪ್ಟನ್ನೇ ಅದೇ ದಾರಿ ಹಿಡಿಯುತ್ತಾನೆ. ಎರಡನ್ನೂ ಒಂದೇ ಸಂಜೆ ನೋಡಿ.

ಕೂಗುವವರು ಕೂಗಿಬಿಡಲಿ

ಯುದ್ಧದಿಂದ ದೂರ ಉಳಿದಿರುವ ರಾಮ್ಯುಲನ್ ಸಾಮ್ರಾಜ್ಯದ ಸೆನೆಟರ್ ವ್ರೀನಾಕ್ ಕಡ್ಡಿಯಂಥ ದತ್ತಾಂಶ ರಾಡನ್ನು ಮೇಲೆತ್ತಿ ‘ಇಟ್ಸ್ ಎ ಫೇಕ್’ (ಇದು ನಕಲಿ) ಅಂತ ಹಲ್ಲು ಕಚ್ಚಿ ಕೂಗುವ ದೃಶ್ಯ ಇದೆಯಲ್ಲ, ನಟ ಸ್ಟೀಫನ್ ಮ್ಯಾಕ್‌ಹ್ಯಾಟಿಯದು, ಅದು ಅಭಿಮಾನಿಗಳ ಬಾಯಲ್ಲಿ ದೊಡ್ಡ ತಮಾಷೆಯಾಗಿಬಿಟ್ಟಿದೆ. ವಾದದ ಮಧ್ಯೆ ಯಾರಾದರೂ ಅದನ್ನು ಕೂಗಿದರೆ ಅಲ್ಲಿಗೆ ಗಂಭೀರ ಮಾತು ಕೆಡುತ್ತದೆ. ಹಾಗಾಗಿ ಎಪಿಸೋಡ್ ಮುಗಿದ ಕೂಡಲೇ ಎಲ್ಲರೂ ಒಂದೊಂದು ಸಲ ಕೂಗಲಿ. ಮೇಷ್ಟ್ರು ಬಹಳ ಚೆನ್ನಾಗಿ ಕೂಗುತ್ತಾರೆ.

ಚೀಟಿ ಬರೆಸಿ

ಇದೇ ಮುಖ್ಯ. ಮಾತು ಶುರುವಾಗುವ ಮೊದಲು ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ‘ಸರಿಯಾ ತಪ್ಪಾ’ ಅಂತ ಬರೆಸಬೇಡಿ. ‘ನೀವು ಸಿಸ್ಕೊನ ಜಾಗದಲ್ಲಿದ್ದರೆ ಯಾವ ಹೆಜ್ಜೆಯಲ್ಲಿ ನಿಲ್ಲುತ್ತಿದ್ದಿರಿ’ ಅಂತ ಬರೆಸಿ. ಬರೆದ ಮೇಲೆ ಬದಲಾಯಿಸುವ ಹಾಗಿಲ್ಲ.

ಹೆಜ್ಜೆಗಳು ಇವು. ರಾಮ್ಯುಲನ್ನರನ್ನು ಯುದ್ಧಕ್ಕೆ ಎಳೆಯಬೇಕು ಅಂತ ಸಿಸ್ಕೊ ತೀರ್ಮಾನಿಸುತ್ತಾನೆ. ಅವರಿಗೆ ಡೊಮಿನಿಯನ್ ಜೊತೆ ದಾಳಿ ಮಾಡದ ಒಪ್ಪಂದ ಇದೆ. ಹಾಗಾಗಿ ಡೊಮಿನಿಯನ್ ಅವರ ಮೇಲೂ ಬೀಳಲಿದೆ ಅನ್ನುವುದಕ್ಕೆ ಸಾಕ್ಷಿ ಬೇಕು. ಗ್ಯಾರಕ್ಕನ್ನು ಕೇಳುತ್ತಾನೆ. ಗ್ಯಾರಕ್ ಈಗ ಡೊಮಿನಿಯನ್ ಕಡೆ ಸೇರಿರುವ ಕಾರ್ಡೇಸಿಯದಲ್ಲಿನ ತನ್ನ ಹಳೆಯ ಪರಿಚಯದವರನ್ನು ಸಂಪರ್ಕಿಸುತ್ತಾನೆ. ಮಾತಾಡಿದವರೆಲ್ಲ ಒಂದೇ ದಿನದಲ್ಲಿ ಹೆಣವಾಗುತ್ತಾರೆ. ಅಷ್ಟರಲ್ಲಿ ಬೀಟಾಜೆಡ್ ಗ್ರಹ ಶತ್ರುವಿನ ಕೈಗೆ ಬೀಳುತ್ತದೆ. ನಿಜವಾದ ಸಾಕ್ಷಿ ಸಿಗದಿದ್ದರೆ ತಯಾರು ಮಾಡೋಣ ಅನ್ನುತ್ತಾನೆ ಗ್ಯಾರಕ್. ನಕಲಿ ಹಾಲೊಗ್ರಾಂ ಮಾಡುವ ಟೋಲಾರ್‌ನನ್ನು ಮಿತ್ರರಾದ ಕ್ಲಿಂಗನ್ನರ ಮರಣದಂಡನೆಯಿಂದ ಬಿಡಿಸಿ ತರುತ್ತಾರೆ. ಅವನು ಕುಡಿದು, ಸ್ಟೇಷನ್ನಿನ ಬಾರ್ ಮಾಲೀಕ, ಫೆರೆಂಗಿ ಅನ್ನುವ ವ್ಯಾಪಾರಿ ಜನಾಂಗದ ಕ್ವಾರ್ಕ್‌ಗೆ ಚಾಕು ಹಾಕುತ್ತಾನೆ. ಕ್ವಾರ್ಕ್ ದೂರು ಕೊಡಬಾರದು ಅಂತ ಸಿಸ್ಕೊ ಲಂಚ ಕೊಡುತ್ತಾನೆ. ನಕಲಿ ಹಾಲೊಗ್ರಾಂ ತುಂಬಲು ಬೇಕಾದ ಅಸಲಿ ಕಾರ್ಡೇಸಿಯನ್ ರಾಡ್ ಕೊಳ್ಳಲು 85 ಲೀಟರ್ ಬಯೋ-ಮಿಮೆಟಿಕ್ ಜೆಲ್ ಕೊಡುತ್ತಾನೆ. ವ್ರೀನಾಕ್‌ನ ಮುಖ ನೋಡಿ ಸುಳ್ಳು ಹೇಳುತ್ತಾನೆ. ಸುಳ್ಳು ಸಿಕ್ಕಿಬೀಳುತ್ತದೆ. ವ್ರೀನಾಕ್‌ನ ಷಟಲ್ ಸ್ಫೋಟವಾಗುತ್ತದೆ, ಗ್ಯಾರಕ್ ಇಟ್ಟ ಬಾಂಬಿನಿಂದ. ಟೋಲಾರ್ ಕೂಡ ಸಾಯುತ್ತಾನೆ. ರಾಮ್ಯುಲನ್ನರು ಡೊಮಿನಿಯನ್ ಮೇಲೆ ಯುದ್ಧ ಸಾರುತ್ತಾರೆ. ಸಿಸ್ಕೊ ಯಾರಿಗೂ ಹೇಳುವುದಿಲ್ಲ. ಎಲ್ಲವನ್ನೂ ತನ್ನ ಖಾಸಗಿ ಲಾಗ್‌ನಲ್ಲಿ (ದಿನಚರಿಯಲ್ಲಿ) ಹೇಳಿಕೊಂಡು ಕೊನೆಗೆ ಅದನ್ನೇ ಅಳಿಸುತ್ತಾನೆ.

ಚೀಟಿಗಳನ್ನು ತೆರೆದಾಗ ಮಜಾ ಬರುತ್ತದೆ. ‘ಸಿಸ್ಕೊ ಮಾಡಿದ್ದು ತಪ್ಪೇ ತಪ್ಪು’ ಅಂತ ಕುಣಿಯುತ್ತಿದ್ದವರು ಬರೆದ ಹೆಜ್ಜೆ ಬಾಂಬಿನದಾಗಿರುತ್ತದೆ. ಅಂದರೆ ಲಂಚಕ್ಕೂ ನಕಲಿ ಸಾಕ್ಷಿಗೂ ಅವರ ಒಪ್ಪಿಗೆ ಇತ್ತು, ಅಲ್ವಾ? ನಮ್ಮ ಯಜಮಾನರು ‘ಲಂಚ’ ಅಂತ ಬರೆದಿದ್ದರು. ಅಕ್ಕನ ಮಗ ನಕ್ಕು ‘ಅಷ್ಟು ಸಣ್ಣದಕ್ಕಾ?’ ಅಂದ. ‘ಸಣ್ಣದು ಅಂತಲೇ ಅಲ್ಲಿ ನಿಲ್ಲಿಸೋದು ಸುಲಭ ಕಣಪ್ಪ’ ಅಂದರು ಅವರು. ಇಬ್ಬರೂ ಅರ್ಧ ಗಂಟೆ ಬಿಡಲಿಲ್ಲ.

ಜೆಲ್ ಎಲ್ಲಿ ಹೋಯಿತು?

ನನ್ನ ಚೀಟಿಯಲ್ಲಿ ಜೆಲ್ ಇರುತ್ತದೆ. ಕೊಲೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಈ 85 ಲೀಟರ್ ಬಗ್ಗೆ ಯಾರೂ ಇಲ್ಲ. ಇದು ಮಾರುವ ಹಾಗಿಲ್ಲದ ಸರಕು. ಜೈವಿಕ ಅಸ್ತ್ರ ಮಾಡಲು ಬಳಸಬಹುದಾದದ್ದು. ಡಾಕ್ಟರ್ ಬಶೀರ್ ಕೊಡಲು ಒಪ್ಪುವುದಿಲ್ಲ. ಕ್ಯಾಪ್ಟನ್ ಆದೇಶ ಅಂದಾಗ ಆದೇಶ ಬರಹದಲ್ಲಿ ಬೇಕು ಅನ್ನುತ್ತಾನೆ, ತನ್ನ ಆಕ್ಷೇಪಣೆಯನ್ನೂ ದಾಖಲಿಸುತ್ತೇನೆ ಅನ್ನುತ್ತಾನೆ. ಆ ದೃಶ್ಯ ಬಂದಾಗಲೆಲ್ಲ ನನಗೆ ಎದ್ದು ಚಪ್ಪಾಳೆ ತಟ್ಟಬೇಕು ಅನಿಸುತ್ತದೆ. ಇಡೀ ಎಪಿಸೋಡಿನಲ್ಲಿ ಕಾಗದ ಕೇಳಿದ ಪುಣ್ಯಾತ್ಮ ಅವನೊಬ್ಬನೇ.

ಜೆಲ್ ಹೊರಗೆ ಹೋಯಿತು. ಕೊಂಡವರು ಏನು ಮಾಡಿದರು ಅಂತ ಸರಣಿ ಹೇಳುವುದೇ ಇಲ್ಲ. ಗ್ಯಾರಕ್ ಕೊನೆಗೆ ಕೊಡುವ ಲೆಕ್ಕದಲ್ಲೂ ಅದು ಇಲ್ಲ. ಒಬ್ಬ ಸೆನೆಟರ್, ಒಬ್ಬ ಅಪರಾಧಿ, ಒಬ್ಬ ಅಧಿಕಾರಿಯ ಆತ್ಮಗೌರವ, ಇಷ್ಟು ಕೊಟ್ಟು ಇಡೀ ಆಲ್ಫಾ ಕ್ವಾಡ್ರಂಟ್ (ಗೆಲಾಕ್ಸಿಯ ಈ ಕಾಲು ಭಾಗ) ಉಳಿಯಿತು, ಅಗ್ಗದ ವ್ಯಾಪಾರ ಅನ್ನುತ್ತಾನೆ. ಕಾರ್ಡೇಸಿಯದಲ್ಲಿ ಸತ್ತ ಅವನದೇ ಪರಿಚಯದವರು? ಇನ್ನು ಮುಂದೆ ಈ ಯುದ್ಧದಲ್ಲಿ ಸಾಯಲಿರುವ ರಾಮ್ಯುಲನ್ ಸೈನಿಕರು? ಖರ್ಚಿನ ಕಾಲಮ್ಮನ್ನು ಅರ್ಧ ಖಾಲಿ ಬಿಟ್ಟು ಲಾಭ ತೋರಿಸುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಗುಂಪಿನಲ್ಲಿ ಒಬ್ಬರಿಗೆ ಆ ರಾಮ್ಯುಲನ್ ಸೈನಿಕನ ಪರ ಮಾತಾಡುವ ಕೆಲಸ ಕೊಡಿ. ಯಾರೂ ತಾವಾಗಿ ಮುಂದೆ ಬರುವುದಿಲ್ಲ. ಹೆಸರು ಹೇಳಿ ಒಪ್ಪಿಸಬೇಕು.

ಸಿಸ್ಕೊಗೆ ಏನು ಗೊತ್ತಿತ್ತು?

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಡಿ. ಕೊಲೆ ಆಗುತ್ತದೆ ಅಂತ ಅವನಿಗೆ ಗೊತ್ತಿತ್ತಾ ಅನ್ನುವುದು ಒಂದು. ಗೊತ್ತಿರಬೇಕಿತ್ತಾ ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಇಲ್ಲ ಅಂತಲೇ. ಸುದ್ದಿ ಕೇಳಿ ಅಂಗಡಿಗೆ ನುಗ್ಗಿ ಗ್ಯಾರಕ್‌ಗೆ ಗುದ್ದುತ್ತಾನಲ್ಲ. ಎರಡನೆಯದನ್ನು ಗ್ಯಾರಕ್ಕೇ ಎತ್ತುತ್ತಾನೆ: ನಿಮ್ಮ ಕೈಲಾಗದ್ದನ್ನು ನಾನು ಮಾಡಬಲ್ಲೆ ಅಂತ ತಾನೇ ನನ್ನ ಹತ್ತಿರ ಬಂದದ್ದು ಅಂತ. ಆ ಮಾತಿಗೆ ಸಿಸ್ಕೊ ಇಲ್ಲ ಅನ್ನುವುದಿಲ್ಲ. ಸಿಸ್ಕೊನ ಮೇಲಧಿಕಾರಿಗಳ ಸ್ಟಾರ್‌ಫ್ಲೀಟ್ ಕಮಾಂಡ್ ಕೂಡ ನಕಲಿ ಸಾಕ್ಷಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತ್ತು. ಇದನ್ನು ಅರ್ಧಕ್ಕರ್ಧ ಜನ ಮರೆತು ಸಿಸ್ಕೊ ಒಬ್ಬನನ್ನೇ ಕಟಕಟೆಗೆ ಹತ್ತಿಸುತ್ತಾರೆ. ನೆನಪಿಸಿ.

ಬಾಂಬಿನ ಜಾಣತನವನ್ನೂ ಬಿಡಿಸಿ ಹೇಳಿ, ಒಂದು ಸಲಕ್ಕೆ ಎಲ್ಲರಿಗೂ ಹೊಳೆದಿರುವುದಿಲ್ಲ. ವ್ರೀನಾಕ್ ಬಂದದ್ದು ಗುಟ್ಟಾಗಿ. ಡೊಮಿನಿಯನ್ ಜೊತೆಗಿನ ಸಭೆಯಿಂದ ವಾಪಸು ಹೋಗುವ ದಾರಿಯಲ್ಲಿ ಅವನು ಸತ್ತ ಅಂತ ಲೋಕಕ್ಕೆ ಕಾಣುತ್ತದೆ. ಅವಶೇಷದಲ್ಲಿ ರಾಡ್ ಸಿಕ್ಕರೆ ಅಲ್ಲಿಂದಲೇ ಕದ್ದು ತಂದ ಅಂತ ಅಂದುಕೊಳ್ಳುತ್ತಾರೆ. ನಕಲಿಯ ಕುಂದುಗಳೆಲ್ಲ ಸ್ಫೋಟದಿಂದಾದ ಹಾನಿ ಅಂತ ಲೆಕ್ಕಕ್ಕೆ ಹೋಗುತ್ತವೆ. ಹಾಗಾದರೆ ಟೋಲಾರ್‌ನ ಕೆಲಸ ಅಚ್ಚುಕಟ್ಟಾಗಿ ಇರಬೇಕಾಗಿಯೇ ಇರಲಿಲ್ಲ. ಗ್ಯಾರಕ್ ಯಾವಾಗಿನಿಂದ ಇದನ್ನು ಯೋಚಿಸಿದ್ದ? ಇದಕ್ಕೆ ಒಂದು ಗಂಟೆ ಬಿಡಿ.

ದಾರಿ ತಪ್ಪಿಸುವ ಮೂರು ಮಾತು

‘ಇದು ಸ್ಟಾರ್ ಟ್ರೆಕ್ಕೇ ಅಲ್ಲ’ ಅಂತ ಒಬ್ಬರು ಬರುತ್ತಾರೆ. ಸ್ಟಾರ್ ಟ್ರೆಕ್ ಹುಟ್ಟುಹಾಕಿದ ಜೀನ್ ರಾಡನ್‌ಬೆರಿ ತೀರಿಕೊಂಡದ್ದು 1991ರಲ್ಲಿ, ಈ ಸರಣಿ ಶುರುವಾದದ್ದು 1993ರಲ್ಲಿ, ಅವರಿದ್ದರೆ ಬಿಡುತ್ತಿರಲಿಲ್ಲ ಅಂತ. ಇರಬಹುದು. ಆದರೆ ಮೊಟ್ಟಮೊದಲ ಸರಣಿಯ, 1968ರ ‘ದ ಎಂಟರ್‌ಪ್ರೈಸ್ ಇನ್ಸಿಡೆಂಟ್’ ತೆಗೆದು ತೋರಿಸಿ. ಅದರ ನಾಯಕ ಕ್ಯಾಪ್ಟನ್ ಕರ್ಕ್ ಹುಚ್ಚನ ನಾಟಕ ಆಡಿ, ಸ್ಪಾಕ್ ಪ್ರೀತಿಯ ನಾಟಕ ಆಡಿ, ಇದೇ ರಾಮ್ಯುಲನ್ನರಿಂದ, ಹಡಗನ್ನು ಕಣ್ಣಿಗೆ ಕಾಣದಂತೆ ಮಾಡುವ ಕ್ಲೋಕಿಂಗ್ ಯಂತ್ರ ಕದಿಯುತ್ತಾರೆ. ಅದಕ್ಕೆ ಯಾರೂ ನಿದ್ದೆಗೆಡಲಿಲ್ಲ. ಹೊಸದೇನು ಅಂದರೆ, ಇಲ್ಲಿ ಮೋಸ ಮಾಡಿದವನು ಕ್ಯಾಮೆರಾ ಕಡೆಗೇ ತಿರುಗಿ ನಮಗೆ ಒಪ್ಪಿಸುತ್ತಾನೆ. ಸಿಸ್ಕೊ ಪಾತ್ರದ ನಟ ಎವರಿ ಬ್ರೂಕ್ಸ್ ಸಮವಸ್ತ್ರ ಸಡಿಲಿಸಿಕೊಂಡು, ಕೈಯಲ್ಲಿ ಗ್ಲಾಸು ಹಿಡಿದು ಹೇಳುವ ರೀತಿ ನೋಡಿದರೆ ಸಾಕ್ಷಿಕಟ್ಟೆಯಲ್ಲಿ ಕೂತದ್ದು ನಾವೇನೋ ಅನಿಸುತ್ತದೆ.

ಎರಡನೆಯದು ನಮ್ಮವರೇ ತರುವ ಮಾತು: ‘ಅಶ್ವತ್ಥಾಮ ಹತಃ ಕುಂಜರಃ’. ಮೇಷ್ಟ್ರು ಪ್ರತಿ ಸಲ ತರುತ್ತಾರೆ. ಬರಲಿ, ತಡೆಯಬೇಡಿ. ಆದರೆ ಧರ್ಮರಾಯನ ಕಡೆ ಆನೆಯಾದರೂ ನಿಜವಾಗಿ ಸತ್ತಿತ್ತು. ಸುಳ್ಳು ಹೇಳಿದ ಕೂಡಲೇ ನೆಲ ಮುಟ್ಟದೆ ಓಡುತ್ತಿದ್ದ ಅವನ ರಥ ನೆಲಕ್ಕಿಳಿಯಿತು. ಸಿಸ್ಕೊನ ರಥ ಇಳಿಯುವುದೇ ಇಲ್ಲ. ಸರಣಿ ಮುಗಿಯುವ ತನಕ ಗುಟ್ಟು ಬಯಲಾಗುವುದಿಲ್ಲ, ಯುದ್ಧ ಗೆಲ್ಲುತ್ತಾರೆ. ಇದು ಕಥೆಯ ಧೈರ್ಯವಾ, ಜಾರಿಕೊಳ್ಳುವಿಕೆಯಾ? ನಾನು ಧೈರ್ಯ ಅನ್ನುತ್ತೇನೆ. ಮೇಷ್ಟ್ರು ಒಪ್ಪುವುದಿಲ್ಲ.

ಮೂರನೆಯದು ಇರಾಕ್. ಎಪಿಸೋಡ್ ಬಂದಾಗ 2003 ಇನ್ನೂ ದೂರ ಇತ್ತು. ಇಲ್ಲದ ಅಸ್ತ್ರಗಳ ಸಾಕ್ಷಿ ತೋರಿಸಿ ಯುದ್ಧಕ್ಕೆ ಹೋದದ್ದನ್ನು ಕಂಡವರು ಈ ಕಂತನ್ನು ಬೇರೆ ಕಣ್ಣಿನಿಂದ ನೋಡುತ್ತಾರೆ. ಸಹಜ. ಅದಕ್ಕೂ ಹಿಂದೆ 1964ರ ಟೊಂಕಿನ್ ಕೊಲ್ಲಿ ಇದೆ, ನಡೆಯದ ಎರಡನೇ ದಾಳಿಯ ಹೆಸರಲ್ಲಿ ಅಮೆರಿಕ ವಿಯೆಟ್ನಾಂ ಯುದ್ಧಕ್ಕೆ ಇನ್ನಷ್ಟು ಆಳವಾಗಿ ಇಳಿದದ್ದು. ಒಂದೇ ಪ್ರಶ್ನೆ ಕೇಳಿ ಮುಂದೆ ಹೋಗಿ: ಸಾಕ್ಷಿ ಸುಳ್ಳಾದರೂ ಅಪಾಯ ನಿಜವಾಗಿದ್ದರೆ ವ್ಯತ್ಯಾಸ ಆಗುತ್ತದಾ? ಇದಕ್ಕೆ ಹದಿನೈದು ನಿಮಿಷಕ್ಕಿಂತ ಜಾಸ್ತಿ ಕೊಟ್ಟರೆ ಸಂಜೆ ಪೂರ್ತಿ ರಾಜಕೀಯವಾಗುತ್ತದೆ, ಅದಕ್ಕೆ ಸ್ಟಾರ್ ಟ್ರೆಕ್ ಯಾಕೆ ಬೇಕು ಸುಮ್ನೆ.

ಕೊನೆಯ ಆಟ: ಜೇಕ್‌ನ ಕೈಗೆ ಸಿಕ್ಕರೆ?

ಈ ಕಥೆಯ ಮೊದಲ ಕಲ್ಪನೆಯಲ್ಲಿ ಸಿಸ್ಕೊನ ಮಗ ಜೇಕ್ ಇದ್ದ, ಗ್ಯಾರಕ್‌ನ ಬೆನ್ನು ಹತ್ತುವ ಪತ್ರಕರ್ತನಾಗಿ. ಬರೆಯುತ್ತಾ ಹೋದಂತೆ ಕಥೆ ಅಪ್ಪನ ಕಡೆ ತಿರುಗಿತು. ಪರದೆಯ ಮೇಲಿರುವ ಹೆಸರು ಮೈಕಲ್ ಟೇಲರ್ ಮತ್ತು ಪೀಟರ್ ಆಲನ್ ಫೀಲ್ಡ್ಸ್ ಅವರದು. ಹೆಸರಿಲ್ಲದೆ ತಿದ್ದಿ ಬರೆದವರು ರೊನಾಲ್ಡ್ ಮೂರ್. ನಾವು ಜೇಕ್‌ನನ್ನು ವಾಪಸು ತರುತ್ತೇವೆ.

ಸಿಸ್ಕೊ ಲಾಗ್ ಅಳಿಸಿದ. ಸರಿ. ಆದರೆ ಒಂದು ಪುಸ್ತಕ ಸುಟ್ಟರೆ ಲೆಕ್ಕ ಸುಡುವುದಿಲ್ಲ. ಬಶೀರ್ ಹತ್ತಿರ ಬರಹದ ಆದೇಶ ಇದೆ, ಆಕ್ಷೇಪಣೆ ಇದೆ. 85 ಲೀಟರ್ ದಾಸ್ತಾನಿನಲ್ಲಿ ಕಡಿಮೆ ಇದೆ. ಟೋಲಾರ್‌ನನ್ನು ಬಿಟ್ಟ ಕ್ಲಿಂಗನ್ನರಿಗೆ ಯಾರು ಕೇಳಿದರು ಅಂತ ನೆನಪಿದೆ. ಸ್ಟೇಷನ್ನಿನ ಭದ್ರತಾ ಅಧಿಕಾರಿ ಓಡೊ ಟೋಲಾರ್‌ನನ್ನು ಹಿಡಿದಿದ್ದ. ಕ್ವಾರ್ಕ್‌ನ ಮೈಮೇಲೆ ಗಾಯ ಇದೆ. ಒಬ್ಬರು ಜೇಕ್ ಆಗಿ, ಬೇರೆಯವರು ಈ ಪಾತ್ರಗಳಾಗಿ. ಲಾಗ್ ಇಲ್ಲದೆ ಜೇಕ್ ಎಲ್ಲಿಯವರೆಗೆ ತಲುಪುತ್ತಾನೆ ನೋಡಿ.

ಅಕ್ಕನ ಮಗ ಜೇಕ್ ಆದಾಗ ಜೆಲ್ಲಿನ ತನಕ ಸಲೀಸಾಗಿ ಬಂದ. ಅಲ್ಲಿಂದ ವ್ರೀನಾಕ್‌ಗೆ ದಾಟಲು ದಾರಿ ಇಲ್ಲ. ಕೊನೆಗೆ ಕ್ವಾರ್ಕ್ ಆಗಿದ್ದ ಮೇಷ್ಟ್ರ ಹತ್ತಿರ ಹೋದ.

‘ಲಂಚ ತಗೊಂಡ ಮೇಲೆ ಬಾಯಿ ಬಿಡಲ್ಲಪ್ಪ. ಒಪ್ಪಂದ ಅಂದ್ರೆ ಒಪ್ಪಂದ’ ಅಂದರು ಮೇಷ್ಟ್ರು.

‘ಮೇಷ್ಟ್ರೇ, ಫೆರೆಂಗಿಗಳ 17ನೇ ವ್ಯಾಪಾರ ನಿಯಮ ಪೂರ್ತಿ ಹೇಳಿ. ಒಪ್ಪಂದ ಅಂದ್ರೆ ಒಪ್ಪಂದ, ಆದ್ರೆ ಫೆರೆಂಗಿಗಳ ಮಧ್ಯೆ ಮಾತ್ರ. ನಮ್ಮಪ್ಪ ಫೆರೆಂಗಿ ಅಲ್ಲವಲ್ಲ!’

ಮೇಷ್ಟ್ರು ಎಷ್ಟು ಕೊಡ್ತೀಯ ಅಂತ ಕೇಳಿದರು.