ನೆಲ ಒರೆಸಿದ್ದು ಸಾಕು, ನಲ್ಲಿ ನೋಡಿ

ಬಾಡಿಗೆ ಮನೆ ಖಾಲಿ ಮಾಡುವವರನ್ನು ನಮ್ಮ ಬೀದಿಯಲ್ಲಿ ನೋಡುತ್ತಲೇ ಇರುತ್ತೇನೆ. ಎಲ್ಲರದೂ ಒಂದೇ ಕತೆ. ಲಾರಿ ಹೊರಟ ಮೇಲೆ ಪೊರಕೆ ಹುಡುಕುತ್ತಾರೆ. ಪೊರಕೆ ಲಾರಿಯಲ್ಲಿ ಹೋಗಿರುತ್ತದೆ, ಬಕೆಟ್ಟೂ ಅದರ ಜೊತೆಗೇ. ಪ್ಯಾಕ್ ಮಾಡುವ ಹುಡುಗರು ಕೈಗೆ ಸಿಕ್ಕಿದ್ದನ್ನೆಲ್ಲ ತುಂಬುತ್ತಾರೆ, ಅವರದೇನು ತಪ್ಪು? ಒಂದು ಬಕೆಟ್, ಮಗ್, ಪೊರಕೆ, ನಾಲ್ಕು ಹಳೇ ಬಟ್ಟೆ ಹಿಂದಿನ ದಿನವೇ ಬಾಲ್ಕನಿಗೆ ಹಾಕಿ ಚಿಲಕ ಹಾಕಬೇಕು. ಇದನ್ನೂ ಹೇಳಿಕೊಡಬೇಕಾ?

ಕೊನೆಗೆ ಯಾರಿಂದಲೋ ಮಾಪ್ ಇಸ್ಕೊಂಡು ನೆಲವನ್ನು ಮತ್ತೆ ಮತ್ತೆ ಒರೆಸುತ್ತಾರೆ. ಘಮ್ಮನ್ನೋ ಫಿನಾಯಿಲ್ ಬೇರೆ. ಓನರ್ ನೆಲ ನೋಡುವುದಿಲ್ಲ ಕಣ್ರೀ. ಹೇಗೂ ಪೇಂಟಿಂಗ್‌ನವರು ಬಂದು ಅದನ್ನು ಹಾಳು ಮಾಡುತ್ತಾರೆ ಅಂತ ಅವರಿಗೂ ಗೊತ್ತು. ಅವರು ಸೀದಾ ಬಚ್ಚಲಿಗೆ ಹೋಗಿ ನಲ್ಲಿ, ಕಮೋಡ್ ನೋಡುತ್ತಾರೆ. ಆಮೇಲೆ ಅಡುಗೆಮನೆಗೆ ಬಂದು ಒಲೆ ಹಿಂದಿನ ಟೈಲ್ಸ್ ಮೇಲೆ ಬೆರಳು ಎಳೆಯುತ್ತಾರೆ. ಒಂದು ನೀರಿನ ಕಲೆ, ಇನ್ನೊಂದು ಎಣ್ಣೆ ಜಿಡ್ಡು. ದುಡ್ಡು ಮುರಿದುಕೊಳ್ಳುವುದು ಇವೆರಡಕ್ಕೇ.

ಬೆಂಗಳೂರಿನಲ್ಲಿ ಅಡ್ವಾನ್ಸ್ ಅಂದರೆ ಸಣ್ಣ ದುಡ್ಡಲ್ಲ. ಹತ್ತು ತಿಂಗಳ ಬಾಡಿಗೆ ಇಡಿಸಿಕೊಳ್ಳುವುದು ಇಲ್ಲಿಯ ಹಳೇ ರೂಢಿ. ಈಗ ಕೆಲವರು ಐದಾರು ತಿಂಗಳಿಗೆ ಇಳಿದಿದ್ದಾರೆ. ಕೇಂದ್ರ ಸರ್ಕಾರ 2021ರಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ತಗೊಳ್ಳಬಾರದು ಅಂತಿದೆ. ಅದನ್ನು ನಮ್ಮ ಬೀದಿಯ ಓನರ್‌ಗಳ ಮುಂದೆ ಹೇಳಿ ನೋಡಿ, ಬೇರೆ ಮನೆ ನೋಡ್ಕೊಳ್ಳಿ ಅಂತಾರೆ.

ಅದಕ್ಕೇ ಮೊದಲು ಅಗ್ರಿಮೆಂಟ್ ತೆಗೆದು ಓದಿ. ಹನ್ನೊಂದು ತಿಂಗಳ ಆ ಕಾಗದಕ್ಕೆ ಸಹಿ ಹಾಕುವಾಗಲಂತೂ ಯಾರೂ ಓದಿರುವುದಿಲ್ಲ. ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಹಿಡಿಯುತ್ತೇವೆ ಅಂತ ಬರೆದಿದ್ದರೆ ಗೋಡೆ ಉಜ್ಜುತ್ತಾ ಸೊಂಟ ಮುರಿದುಕೊಳ್ಳಬೇಡಿ. ನೀವು ಉಜ್ಜಿದರೂ ಹಿಡಿಯುತ್ತಾರೆ, ಉಜ್ಜದಿದ್ದರೂ ಹಿಡಿಯುತ್ತಾರೆ. ಅದರಲ್ಲೂ ಡಿಸ್ಟೆಂಪರ್ ಗೋಡೆಗೆ ಒದ್ದೆ ಬಟ್ಟೆ ಹಾಕಿದರೆ ಬಣ್ಣವೇ ಕಿತ್ತು ಬಂದು ನಕಾಶೆ ಆಗುತ್ತದೆ. ಜೇಡರ ಬಲೆ ತೆಗೆಯಿರಿ, ಮೊಳೆ ಕಿತ್ತ ತೂತಿಗೆ ಸ್ವಲ್ಪ ವಾಲ್ ಪುಟ್ಟಿ ತುಂಬಿ, ಅಷ್ಟು ಸಾಕು.

ಕೆಲಸ ಮೇಲಿನಿಂದ ಕೆಳಗೆ ಬರಬೇಕು. ಸಜ್ಜಾ ಮೊದಲು, ಆಮೇಲೆ ಫ್ಯಾನು. ಹಳೇ ದಿಂಬಿನ ಕವರನ್ನು ಫ್ಯಾನಿನ ರೆಕ್ಕೆಗೆ ತೊಡಿಸಿ ಎಳೆದರೆ ಧೂಳು ಕವರಿನೊಳಗೇ ಉಳಿಯುತ್ತದೆ, ತಲೆ ಮೇಲೆ ಬೀಳುವುದಿಲ್ಲ. ಕಿಟಕಿ, ಬಾಗಿಲ ಹಿಂದೆ, ಸ್ವಿಚ್ ಬೋರ್ಡ್ ಎಲ್ಲ ನಿಮಗೆ ಗೊತ್ತಿರುವುದೇ.

ಒಲೆ ಹಿಂದಿನ ಜಿಡ್ಡಿಗೆ ಬಿಸಿನೀರು, ಒಂದು ಹಿಡಿ ವಾಷಿಂಗ್ ಸೋಡಾ. ಬಟ್ಟೆಯನ್ನು ಅದರಲ್ಲಿ ಅದ್ದಿ ಟೈಲ್ಸಿಗೆ ಅಂಟಿಸಿ, ಕಾಫಿ ಕುಡಿದು ಬನ್ನಿ. ಕೈಗೆ ಗ್ಲೌಸ್ ಇರಲಿ. ಅಲ್ಯೂಮಿನಿಯಂ ಮೇಲೆ ಮಾತ್ರ ಈ ಸೋಡಾ ಬೇಡ, ಕಪ್ಪಾಗುತ್ತದೆ. ಅದಕ್ಕೆ ನಮ್ಮ ಸೀಗೆಪುಡಿಯೇ ಸರಿ. ಕಪಾಟಿನ ಬಿಳಿ ಹಲಗೆಯ ಮೇಲೆ ಅರಿಶಿನದ ಕಲೆ ಇದ್ದರೆ ಸೋಪು ಹಾಕಿದ ತಕ್ಷಣ ಕೆಂಪಾಗುತ್ತದೆ. ಹೆದರಿಕೊಂಡು ಇನ್ನೂ ಸೋಪು ಸುರಿಯುವವರಿದ್ದಾರೆ! ತೊಳೆದು ಆ ಹಲಗೆಯನ್ನು ಬಿಚ್ಚಿ ಬಿಸಿಲಿಗಿಡಿ, ಅರಿಶಿನ ಬಿಸಿಲಿಗೆ ತಾನೇ ಬಿಳಿಚಿಕೊಳ್ಳುತ್ತದೆ. ಅಡುಗೆಮನೆಯ ಮಾತು ಬಂತು ಅಂತ ಹೇಳುತ್ತೇನೆ, ದೋಸೆ ಕಾವಲಿಯನ್ನು ಸೋಪು ಹಾಕಿ ತಿಕ್ಕಿ ಪ್ಯಾಕ್ ಮಾಡಬೇಡಿ. ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಪೇಪರಿನಲ್ಲಿ ಸುತ್ತಿ. ಹೊಸ ಮನೆಯಲ್ಲಿ ತುಕ್ಕು ಹಿಡಿದ ಕಾವಲಿ ಇಟ್ಟುಕೊಂಡು, ದೋಸೆ ಏಳ್ತಿಲ್ಲ ಆಂಟಿ ಅಂತ ಫೋನ್ ಮಾಡಬೇಡಿ.

ಈಗ ನಲ್ಲಿಗೆ ಬರೋಣ. ಬೋರ್‌ವೆಲ್ ನೀರಿನ ಮನೆಗಳಲ್ಲಿ ನಲ್ಲಿ, ಷವರ್, ಸಿಂಕಿನ ಅಂಚು ಎಲ್ಲದರ ಮೇಲೂ ಬೆಳ್ಳಗೆ ಪೊರೆ ಕಟ್ಟಿರುತ್ತದೆ. ಅದು ಕೊಳೆಯಲ್ಲ, ನೀರಿನಲ್ಲಿರುವ ಸುಣ್ಣ. ಸೋಪಿಗೆ ಬಗ್ಗುವುದಿಲ್ಲ, ಹುಳಿಗೆ ಬಗ್ಗುತ್ತದೆ. ಮನೆ ಬಿಡುವವರೇನು ಮಾಡುತ್ತಾರೆ ಅಂದರೆ, ಅಂಗಡಿಯಿಂದ ಟಾಯ್ಲೆಟ್ ಆಸಿಡ್ ತಂದು ಸುರಿಯುತ್ತಾರೆ. ನಮ್ಮ ಮೇಲಿನ ಮನೆ ಹುಡುಗರು ಹಾಗೇ ಮಾಡಿದರು. ಕಲೆ ಹೋಯಿತು, ನಲ್ಲಿಯ ಹೊಳಪೂ ಹೋಯಿತು, ಟೈಲ್ಸ್ ಸಂದಿನ ಸಿಮೆಂಟೂ ಕರಗಿತು. ಅವರ ಲೆಕ್ಕದಲ್ಲಿ ಹೊಸ ನಲ್ಲಿಗಳ ದುಡ್ಡು ಬಿತ್ತು. ಇನ್ನೊಂದು ಮಾತು: ಆಸಿಡ್ ಜೊತೆ ಬ್ಲೀಚಿಂಗ್ ಪೌಡರ್ ಸೇರಿಸಲೇಬಾರದು. ಕ್ಲೋರಿನ್ ಅನಿಲ ಎದ್ದು ಉಸಿರು ಕಟ್ಟುತ್ತದೆ, ಪ್ರಾಣಕ್ಕೇ ಕುತ್ತು.

ನಮ್ಮವರದು ಬ್ಯಾಂಕ್ ಕೆಲಸ, ವರ್ಗ ತಪ್ಪಿದ್ದಲ್ಲ. ಮೈಸೂರಿನಲ್ಲಿ ಕಾವೇರಿ ನೀರು ಕುಡಿದುಕೊಂಡು ಸುಖವಾಗಿದ್ದವಳು ಕೋಲಾರಕ್ಕೆ ಹೋದೆ. ಅಲ್ಲಿ ಬೋರ್ ನೀರಿನಲ್ಲಿ ಬೇಳೆಯೇ ಬೇಯುತ್ತಿರಲಿಲ್ಲ. ಪಕ್ಕದ ಮನೆಯ ಅಜ್ಜಿ ಮಾತ್ರ ಹಿತ್ತಾಳೆ ನಲ್ಲಿಯನ್ನು ಪಳಪಳ ಅನ್ನಿಸಿಟ್ಟಿದ್ದರು. ಸಾರಿಗೆ ಹಿಂಡಿದ ಹುಣಸೆಹಣ್ಣಿನ ಚರಟವನ್ನು ಬಟ್ಟೆಯಲ್ಲಿ ಹರಡಿ ನಲ್ಲಿಗೆ ಸುತ್ತಿ ಬಿಡುತ್ತಿದ್ದರು. ಉಜ್ಜುವುದು ಕೈಯಲ್ಲ ಕಣಮ್ಮ, ಹೊತ್ತು ಅನ್ನುತ್ತಿದ್ದರು. ಈಗಿನ ಸ್ಟೀಲ್ ಬಣ್ಣದ ನಲ್ಲಿಗೆ ನಾನು ನಿಂಬೆ ಉಪ್ಪು ಬಳಸುತ್ತೇನೆ. ದಿನಸಿ ಅಂಗಡಿಯಲ್ಲಿ ಸಿಟ್ರಿಕ್ ಆಸಿಡ್ ಅಂದರೂ ಕೊಡುತ್ತಾರೆ.

ಬೆಚ್ಚಗಿನ ನೀರಿಗೆ ನಿಂಬೆ ಉಪ್ಪು ಹಾಕಿ ಕದಡಿ. ಹದ ಹೇಗೆ ಅಂದರೆ, ಒಂದು ಹನಿ ನಾಲಿಗೆಗೆ ತಾಗಿಸಿದರೆ ಒಂದು ಕಣ್ಣು ತಾನಾಗಿ ಮುಚ್ಚಬೇಕು. ಬಟ್ಟೆ ಹತ್ತಿಯದೇ ಆಗಬೇಕು, ಹಳೇ ಪಂಚೆ ಅಥವಾ ಬನಿಯನ್. ಪಾಲಿಯೆಸ್ಟರ್ ನೀರು ಹಿಡಿಯುವುದಿಲ್ಲ. ಎರಡು ಬೆರಳಗಲ ಹರಿದುಕೊಂಡು, ಅದ್ದಿ, ಹಿಂಡದೆ, ನಲ್ಲಿ ಗೋಡೆ ಸೇರುವ ಬುಡದಿಂದ ಶುರುಮಾಡಿ. ಮುರಿದ ಕೈಗೆ ಪಟ್ಟಿ ಕಟ್ಟುವ ಹಾಗೆ ಬಿಗಿಯಾಗಿ, ಗಾಳಿ ಉಳಿಯದಂತೆ ಸುತ್ತಿಕೊಂಡು ಬನ್ನಿ. ನಲ್ಲಿಯ ಬಾಯೊಳಗೆ ಸಣ್ಣ ಚೂರು ತುರುಕಿ. ಕಲೆ ಜಾಸ್ತಿ ಇರುವುದು ಅಲ್ಲೇ, ಯಾರೂ ಬಗ್ಗಿ ನೋಡುವುದಿಲ್ಲ, ಓನರ್ ನೋಡುತ್ತಾರೆ. ಮೇಲೆ ಕತ್ತರಿಸಿದ ಹಾಲಿನ ಪ್ಯಾಕೆಟ್ ಹೊದಿಸಿ ದಾರ ಕಟ್ಟಿ, ಇಲ್ಲದಿದ್ದರೆ ಒಣಗಿ ಹೋಗುತ್ತದೆ. ಷವರಿಗೆ ಅದೇ ನೀರು ತುಂಬಿದ ಕವರನ್ನು ಮುಳುಗುವಂತೆ ಕಟ್ಟಿ.

ಅನ್ನ, ಸಾರು ಆಗುವಷ್ಟು ಹೊತ್ತು ಬಿಡಿ. ರಾತ್ರಿಯೆಲ್ಲ ಬಿಡಬೇಡಿ, ಹೊಳಪು ಮಂಕಾಗುತ್ತದೆ. ಬಿಚ್ಚಿದಾಗ ಪೊರೆ ಮೆತ್ತಗೆ ಹಿಟ್ಟಿನಂತಾಗಿರುತ್ತದೆ, ಅದೇ ಬಟ್ಟೆಯಲ್ಲಿ ಒರೆಸಿದರೆ ಬರುತ್ತದೆ. ಸ್ಟೀಲ್ ಜುಂಗು ಮುಟ್ಟಿಸಬೇಡಿ. ಬುಡದ ಸಂದಿಗೆ ಒಂದು ಗಟ್ಟಿ ದಾರ ಹಾಕಿ, ಮಜ್ಜಿಗೆ ಕಡೆದಂತೆ ಆ ಕಡೆ ಈ ಕಡೆ ಎಳೆಯಿರಿ, ಬ್ರಷ್ ಹೋಗದ ಜಾಗಕ್ಕೆ ದಾರ ಹೋಗುತ್ತದೆ. ಇನ್ನೂ ಉಳಿದಿದ್ದರೆ ಇನ್ನೊಂದು ಸಲ ಸುತ್ತಿ. ಚೆನ್ನಾಗಿ ತೊಳೆದು, ಆ ಕ್ಷಣವೇ ಒಣ ಬಟ್ಟೆಯಲ್ಲಿ ಒರೆಸಬೇಕು. ನೀರು ತಾನೇ ಆರಲಿ ಅಂತ ಬಿಟ್ಟರೆ ಅದೇ ಬೋರ್ ನೀರು ಮತ್ತೆ ಚುಕ್ಕಿ ಇಟ್ಟು ಹೋಗುತ್ತದೆ. ಮಾರ್ಬಲ್, ಮೊಸಾಯಿಕ್, ಕಡಪ ಕಲ್ಲಿನ ಮೇಲೆ ಮಾತ್ರ ಈ ಹುಳಿ ನೀರಿನ ಹನಿಯೂ ಬೀಳಬಾರದು. ಅವುಗಳಲ್ಲೂ ಸುಣ್ಣವೇ ಇರುವುದು, ಕಲ್ಲೇ ಸವೆದು ಮಂಕಾಗುತ್ತದೆ. ಕೆಳಗೆ ದಪ್ಪ ಬಟ್ಟೆ ಹಾಸಿಕೊಂಡು ಕೆಲಸ ಮಾಡಿ.

ಓನರನ್ನು ಹಗಲು ಹೊತ್ತಿನಲ್ಲೇ ಕರೆಯಿರಿ, ಬಚ್ಚಲು ಒಣಗಿರಲಿ. ಅದಕ್ಕೂ ಮೊದಲು ಕೋಣೆ ಕೋಣೆಯ ವಿಡಿಯೋ, ಬೆಸ್ಕಾಂ ಮೀಟರಿನ ಫೋಟೋ ತೆಗೆದಿಡಿ. ಗೃಹಜ್ಯೋತಿಗೆ ನಿಮ್ಮ ಆಧಾರನ್ನು ಆ ಮನೆಯ ಕರೆಂಟ್ ಬಿಲ್ಲಿನಲ್ಲಿರುವ ಆರ್‌.ಆರ್. ನಂಬರಿಗೆ ಜೋಡಿಸಿದ್ದರೆ ಡಿ-ಲಿಂಕ್ ಮಾಡಿಸಿ, ಇಲ್ಲದಿದ್ದರೆ ಹೊಸ ಮನೆಯಲ್ಲಿ ಅರ್ಜಿ ಹಾಕುವಾಗ ತಕರಾರು ಬರುತ್ತದೆ. ಡೂಪ್ಲಿಕೇಟ್ ಕೀಗಳನ್ನೂ ಎಣಿಸಿ ಕೊಡಿ. ದುಡ್ಡು ಅಕೌಂಟಿಗೆ ಹಾಕ್ತೀನಿ ಬಿಡಿ ಅಂದರೆ ತಲೆಯಾಡಿಸಿ ಬರಬೇಡಿ. ಯಾವತ್ತು, ಎಷ್ಟು ಅಂತ ಅಲ್ಲೇ ಕೇಳಿ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ.